ಸೀನುಮೀಮಾಂಸೆ: ಪ್ರಥಮಾಧ್ಯಾಯ

ಅಧಿಕಾರಿ: ಬೆಂಗಳೂರಿನ ಖಾಲಿ ಸೈಟಿನ ಪಕ್ಕ ಬಾಡಿಗೆಗಿದ್ದು ಜೇಬಿನಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡವನು. ವಿಷಯ: ಕಾಂಗ್ರೆಸ್ ಗಿಡದ ಪರಾಗ. ಸಂಬಂಧ: ಮೂಗಿನದು. ಪ್ರಯೋಜನ: ಕೊನೆಯಲ್ಲಿ ನೋಡೋಣ.

ಪೂರ್ವಪಕ್ಷ: ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಹಾಗಾದರೆ ಎದ್ದ ಕೂಡಲೇ 17 ಸಲ ಸೀನುವವನ ಗತಿ? ಕಚೇರಿಗೆ ರಜೆ ಹಾಕಬೇಕೋ, ಹದಿನೆಂಟನೆಯದಕ್ಕೆ ಕಾಯಬೇಕೋ? ಶಕುನವಾದಿಗಳು ಇಲ್ಲಿ ಮೌನ. ವಾದದಲ್ಲಿ ಮೌನವೇ ಸೋಲು, ಮುಂದೆ ಹೋಗೋಣ.

ಸಿದ್ಧಾಂತ: ತಪ್ಪು ಪರಾಗದ್ದಲ್ಲ, ದೇಹದ ಅತಿಪಾಂಡಿತ್ಯದ್ದು. ಪರಾಗ ಮೊದಲು ಮೂಗು ಹೊಕ್ಕಾಗ ಏನೂ ಆಗದು. ಡೆಂಡ್ರಿಟಿಕ್ ಕೋಶಗಳು ಅದರ ಪ್ರೋಟೀನಿನ ಚೂರುಗಳನ್ನು ಒಯ್ದು ಟಿ ಕೋಶಗಳ ಮುಂದಿಡುತ್ತವೆ. ಅವುಗಳ ಅಪ್ಪಣೆಯಂತೆ ಬಿ ಕೋಶಗಳು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತವೆ. ಅದು ಮಾಸ್ಟ್ ಕೋಶಗಳ ಮೈಗಂಟಿ ಕೂರುತ್ತದೆ. ಇಷ್ಟಾದರೂ ಮೂಗಿನ ಒಡೆಯನಿಗೆ ಸುಳಿವಿಲ್ಲ. ಮುಂದೆಂದೋ ಅದೇ ಪರಾಗ ಬಂದು ಅಕ್ಕಪಕ್ಕದ ಐಜಿಇಗಳಿಗೆ ಒಟ್ಟಿಗೆ ತಗುಲಿತೋ, ಮಾಸ್ಟ್ ಕೋಶ ಹಿಸ್ಟಮಿನ್ ಚೆಲ್ಲುತ್ತದೆ. ಸೀನು, ಸಿಂಬಳ, ಕಣ್ಣುರಿ, ಎಲ್ಲ ಕೆಲವೇ ನಿಮಿಷದಲ್ಲಿ.

1966ರಲ್ಲಿ ಐಜಿಇಯನ್ನು ಗುರುತಿಸಿದ ಇಷಿಜಾಕಾ ದಂಪತಿ ಪ್ರಯೋಗಕ್ಕೆ ತಮ್ಮದೇ ಚರ್ಮ ಒಡ್ಡಿದ್ದರು. (ಪಂಡಿತರು ಸಾಮಾನ್ಯವಾಗಿ ಸುಲಿಯುವುದು ಇನ್ನೊಬ್ಬರ ಚರ್ಮವನ್ನು.) ಐಜಿಇಯ ಮೂಲವೃತ್ತಿ ಪರಾವಲಂಬಿ ಹುಳುಗಳೊಡನೆ ಕಾದಾಟ ಎಂಬುದು ಬಹುಮತ. ಹುಳುವಿಲ್ಲದ ಹೊಟ್ಟೆಯಲ್ಲಿ ಅದು ಕಳ್ಳರಿಲ್ಲದ ಊರಿನ ತಳವಾರನಂತೆ ನೆಂಟರನ್ನೇ ಹಿಡಿದು ಬಡಿಯುತ್ತದೆ ಎಂಬ ವಾದವೂ ಇದೆ. ಗ್ರಂಥಕಾರನಿಗೆ ಇದೇ ಸಮ್ಮತ.

ಆಕ್ಷೇಪ: ಕಾಂಗ್ರೆಸ್ ಗಿಡ ಅಮೆರಿಕ ಖಂಡದ್ದು. ದೇಹ ತುಸು ದೇಶಭಕ್ತಿ ತೋರಿದರೆ ತಪ್ಪೇ? ಸಮಾಧಾನ: ಆಲೂಗಡ್ಡೆಯೂ ಅಲ್ಲಿಯದೇ, ಆದರೆ ಆಲೂಬೋಂಡ ತಿಂದು ಸೀನುವವರು ಅಪರೂಪ. ಕರುಳಿನ ದಾರಿಯಲ್ಲಿ ಬಂದದ್ದರ ಮೇಲೆ ಏರಿಹೋಗದಂತೆ ನಿಯಂತ್ರಕ ಟಿ ಕೋಶಗಳು ಉಳಿದವನ್ನು ತಡೆಯುತ್ತವೆ. ಇತ್ತ ಹಾಸಿಗೆಯ ಧೂಳಿನಲ್ಲೇ ಹುಟ್ಟಿ ಬೆಳೆದ ನುಸಿ ಅಪ್ಪಟ ಸ್ವದೇಶಿ, ಅದಕ್ಕೂ ಸೀನುತ್ತೇವೆ. ದೇಹ ಪಾಸ್‌ಪೋರ್ಟ್ ನೋಡುವುದಿಲ್ಲ, ಪ್ರೋಟೀನಿನ ಆಕಾರ ನೋಡುತ್ತದೆ. ಮೆಣಸಿನಕಾಯಿ ಒಗ್ಗರಣೆಯ ಸೀನು ಬರೀ ಘಾಟಿನದು. ಐಜಿಇಗೆ ಅಲ್ಲಿ ಕೆಲಸವಿಲ್ಲವಾದ್ದರಿಂದ ಈ ಗ್ರಂಥಕ್ಕೂ ಇಲ್ಲ.

ಕಾಂಗ್ರೆಸ್ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ತಿನ್ನುತ್ತಿದೆ, ಗಿಡ ಬೆಳೆಯುತ್ತಿದೆ. ಪ್ರಯೋಜನಾಕಾಂಕ್ಷಿಗಳಲ್ಲಿ ವಿನಂತಿ: ಹೂ ಬಿಡುವ ಮುಂಚೆಯೇ ಗಿಡವನ್ನು ಬೇರು ಸಹಿತ ಕೀಳಿ, ಕೈಗವಸು ಮರೆಯಬೇಡಿ. ಬರಿಗೈಯಲ್ಲಿ ಕಿತ್ತರೆ ಬರುವ ತುರಿಕೆಗೆ ಟಿ ಕೋಶಗಳೇ ಹೊಣೆ, ಅದು ದ್ವಿತೀಯಾಧ್ಯಾಯ.