ಲ್ಯಾಂಬ್ಡಾ ರಾಯರು

ಪ್ರತಿ ಸಾಫ್ಟ್‌ವೇರ್ ಟೀಮಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಪ್ರೋಗ್ರಾಮಿಂಗ್ ಭಾಷೆಗೆ ಹೊಸ ಸೌಲಭ್ಯ ಬಂತೆಂದರೆ ಮನೆಗೆ ಹೊಸ ಸೊಸೆ ಬಂದಷ್ಟು ಸಂಭ್ರಮ. ನಮ್ಮವರಿಗೆ ನಾವಿಟ್ಟ ಹೆಸರು ಲ್ಯಾಂಬ್ಡಾ ರಾಯರು. 2014ರಲ್ಲಿ ಜಾವಾ 8 ಲ್ಯಾಂಬ್ಡಾ, ಸ್ಟ್ರೀಮ್‌ಗಳನ್ನು ತಂದಿತಲ್ಲ, ಅಂದಿನಿಂದ ಅವರಿಗೆ ಫಾರ್ ಲೂಪ್ ಮುಟ್ಟಿದರೆ ಮೈಲಿಗೆ.

ಒಮ್ಮೆ ನನ್ನದೊಂದು ಲೂಪಿನ ಮೇಲೆ ಅವರ ಕಣ್ಣು ಬಿತ್ತು. "ನೋಡಿ ಸಾರ್, ಹನ್ನೆರಡು ಸಾಲು ಇದ್ದದ್ದು ಒಂದೇ ಸಾಲಾಯ್ತು. ಪ್ರೊಡಕ್ಟಿವಿಟಿ ಅಂದ್ರೆ ಇದು!" ಒಂದೇ ಸಾಲು, ನಿಜ. ಅದರ ತುದಿ ಕಾಣಲು ಪರದೆಯನ್ನು ಬಲಕ್ಕೆ ಸರಿಸುತ್ತಲೇ ಇರಬೇಕು. ಫಿಲ್ಟರ್, ಫ್ಲಾಟ್‌ಮ್ಯಾಪ್, ಗ್ರೂಪಿಂಗ್‌ಬೈ, ಅದರ ಹೊಟ್ಟೆಯಲ್ಲಿ ಇನ್ನೊಂದು ಗ್ರೂಪಿಂಗ್‌ಬೈ. ರಿವ್ಯೂಗೆ ಕೂತವರು ಕಾಫಿಗೆ ಎದ್ದು ಹೋದರು, ಬಂದರು, ಮತ್ತೆ ಹೋದರು. ಟೈಪಿಂಗ್‌ನಲ್ಲಿ ರಾಯರು ಉಳಿಸಿದ್ದು ಐದು ನಿಮಿಷ. ಓದುವುದರಲ್ಲಿ ನಾವು ಕಳೆದದ್ದು ಇಡೀ ಮಧ್ಯಾಹ್ನ. ಅಷ್ಟಕ್ಕೂ ಆ ವಾರ ಕೆಲಸ ನಿಂತಿದ್ದದ್ದು ಯಾವ ವರದಿ ಬೇಕೆಂದು ಗ್ರಾಹಕರಿಗೇ ಗೊತ್ತಿಲ್ಲದ್ದರಿಂದ. ಅದಕ್ಕೆ ಜಾವಾದ ಯಾವ ಆವೃತ್ತಿಯಲ್ಲೂ ಮದ್ದಿಲ್ಲ.

ಏನು ಕಟ್ಟಬೇಕೆಂದು ತೀರ್ಮಾನಿಸುವುದೇ ಅಸಲು ಕಷ್ಟ ಎಂದು ಫ್ರೆಡ್ ಬ್ರೂಕ್ಸ್ 1986ರಲ್ಲೇ ವಾದಿಸಿದ್ದರು ಎಂದೆ. "ಆವಾಗ ಲ್ಯಾಂಬ್ಡಾ ಎಲ್ಲಿತ್ತು ಸಾರ್?" ಎಂದರು ರಾಯರು. ಲಿಸ್ಪ್‌ನಲ್ಲಿ ಅದಕ್ಕೂ ಕಾಲು ಶತಮಾನ ಮುಂಚೆಯೇ ಇತ್ತು ಎಂದದ್ದಕ್ಕೆ ಮುಖ ತಿರುಗಿಸಿಕೊಂಡು ಹೋದರು.

ಹಾಗಂತ ಅವರು ತಂದದ್ದೆಲ್ಲ ದಂಡವಲ್ಲ. 2021ರಲ್ಲಿ ಜಾವಾ 16ರ ಜೊತೆ ರೆಕಾರ್ಡ್ ಬಂದು, ಈಕ್ವಲ್ಸ್, ಹ್ಯಾಶ್‌ಕೋಡ್ ಬರೆಯುವ ಜೀತ ತಪ್ಪಿತು. ನಮ್ಮ ಹಳೆಯ ಫೈಲುಗಳನ್ನು ಬದಲಿಸಲು ಶನಿವಾರವೂ ಬಂದು ಕೂತವರು ರಾಯರೊಬ್ಬರೇ. ಹೊಸಬರು ಬಂದರೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹೇಳಿಕೊಡುವವರೂ ಅವರೇ. ನಾವೆಲ್ಲ ಗಡಿಯಾರ ನೋಡುತ್ತಿರುತ್ತೇವೆ. ಈ ವಯಸ್ಸಿನಲ್ಲೂ ಕಲಿಯುವ ಆ ಹುರುಪು ಕಂಡರೆ ನನಗೆ ಹೊಟ್ಟೆಕಿಚ್ಚು.

ಒಂದು ರಾತ್ರಿ ಸರ್ವರ್ ಬಿತ್ತು. "ಸದ್ಯಕ್ಕೆ ಅಷ್ಟೇ ಸಾರ್" ಎನ್ನುತ್ತ ಆ ಒಂದು ಸಾಲನ್ನು ರಾಯರು ತಾವೇ ಬಿಡಿಸಿ ಫಾರ್ ಲೂಪ್ ಮಾಡಿದರು, ನಡುನಡುವೆ ಪ್ರಿಂಟ್ ಹಾಕಿ ತಪ್ಪು ಹಿಡಿದರು. ಬೆಳಿಗ್ಗೆ ನೋಡಿದರೆ ಮತ್ತೆ ಒಂದೇ ಸಾಲು!

ಜಾವಾ ಈಗ ಆರು ತಿಂಗಳಿಗೊಂದು ಆವೃತ್ತಿ ಬಿಡುತ್ತದೆ, ಮಾರ್ಚಿಗೊಂದು, ಸೆಪ್ಟೆಂಬರಿಗೊಂದು. ನಿಮ್ಮ ಟೀಮಿನಲ್ಲೂ ರಾಯರಿದ್ದರೆ ಆ ಎರಡು ತಿಂಗಳಿಗೆ ಈಗಲೇ ರಜೆ ಹಾಕಿಡಿ.