ಕಾದಂಬರಿ ಜೋಡಣಾ ಕೈಪಿಡಿ (ಶಿವಮೊಗ್ಗ–ಭದ್ರಾವತಿ ಮಾದರಿ)

ಮೊದಲ ಸಲ ಬಳಸುವವರು ಹೆದರಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾದಂಬರಿ ಬರೆಯದವರೂ ಇದ್ದಾರೆ; ಅವರೆಲ್ಲ ಸದ್ಯಕ್ಕೆ ಕವಿತೆ ಬರೆಯುತ್ತಿದ್ದಾರೆ.

ಪೆಟ್ಟಿಗೆಯಲ್ಲಿ ಇರುವುದು: ಒಂದು ತೊಟ್ಟಿಮನೆ, ಅಡಿಕೆ ತೋಟ, ಗೊಣಗುವ ಅಜ್ಜಿ, ಊರು ಬಿಟ್ಟು ಹೋದ ಚಿಕ್ಕಪ್ಪ, ಬಿಡದ ಮಳೆ. ಇವನ್ನು ತೀರ್ಥಹಳ್ಳಿ ಕಡೆಯವರು ಆಗಲೇ ಚೆನ್ನಾಗಿ ಬಳಸಿ, ತೊಳೆದು ಇಟ್ಟಿದ್ದಾರೆ. ಎಲ್ಲವನ್ನೂ ಅಟ್ಟಕ್ಕೇರಿಸಿ. ಮಳೆ ಇರಲಿ, ತೆಗೆದರೂ ಹೋಗುವಂಥದ್ದಲ್ಲ.

ಜೋಡಣೆ. 1965ರ ‘ಸಂಸ್ಕಾರ’ ಮಾದರಿಯಲ್ಲಿ ಆರಂಭಕ್ಕೇ ಒಂದು ಹೆಣ ಬೀಳಬೇಕು. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ: ಕಥೆಯ ಒತ್ತಡವೆಲ್ಲ ಈ ಒಂದು ಕಟ್ಟಳೆಯಿಂದಲೇ ಹುಟ್ಟುತ್ತದೆ. ಹಸಿವು, ವಾಸನೆ ಎರಡೇ ಸಾಕು, ಪುಟ ತಾನಾಗಿ ತಿರುಗುತ್ತದೆ. ಅನಂತಮೂರ್ತಿ ಇದನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಹಾಗಾಗಿ ಬರೆಯಲೆಂದೇ ರಜೆ ಹಾಕಿ ಅವರ ಹುಟ್ಟೂರು ಮೇಳಿಗೆಗೆ ಹೋಗಬೇಕಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಇದಕ್ಕೆ ತದ್ವಿರುದ್ಧ. ನಾಯಕ ಇಂಥವನೇ ಎಂದಿಲ್ಲ. ಗುತ್ತಿಯೂ ಅವನ ನಾಯಿ ಹುಲಿಯನೂ ಕಾಡುದಾರಿ ಹಿಡಿದರೆ ಒಂದು ಸೀಮೆಯೇ ಬೆನ್ನಿಗೆ ಬರುತ್ತದೆ. ನೋಡಲು ಬಲು ಸುಲಭ. ಮನೆಯಲ್ಲಿ ಪ್ರಯತ್ನಿಸಬೇಡಿ. ನೂರು ಪುಟ ದಾಟುವಷ್ಟರಲ್ಲಿ ನಿಮ್ಮ ಬಳಿ ಉಳಿಯುವುದು ನಾಯಿ ಮಾತ್ರ.

ಎರಡು ಕಥೆಗಳನ್ನು ಹೆಣೆಯುವವರು ಒಮ್ಮೆ ಕೂಡಲಿಗೆ ಹೋಗಿ ಬನ್ನಿ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ತಮ್ಮ ತಮ್ಮ ಊರು ಸುತ್ತಿ ಮುಗಿಸಿದ ಮೇಲೆಯೇ ಅಲ್ಲಿ ಸೇರುತ್ತವೆ. ಎರಡನೇ ಅಧ್ಯಾಯದಲ್ಲೇ ಮದುವೆ ಮಾಡಿಸುವ ಆತುರ ಅವಕ್ಕಿಲ್ಲ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ವಯಸ್ಸಿನ ಕುರಿತ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.

ಬಿಡಿಭಾಗಗಳು ಭದ್ರಾವತಿಯಲ್ಲಿ ಧಾರಾಳವಾಗಿ ಸಿಗುತ್ತವೆ, ಕೊಳ್ಳುವವರೇ ಕಡಿಮೆ. ಬೆಂಕಿಪುರ ಎಂಬ ಹಳೆಯ ಹೆಸರು, ಮಲೆನಾಡಿನ ಮರ ಸುಟ್ಟ ಇದ್ದಿಲಿನಲ್ಲಿ 1923ರಿಂದ ಅದಿರು ಕರಗಿಸಿದ ಕುಲುಮೆ, ನ್ಯೂಟೌನು, ಪೇಪರ್ ಟೌನು. ಅಪ್ಪನಿಗೆ ರಾತ್ರಿ ಪಾಳಿ, ಮಗನಿಗೆ ಬೆಳಗಿನ ಪಾಳಿ. ಒಂದೇ ಕ್ವಾರ್ಟರ್ಸಿನಲ್ಲಿದ್ದೂ ವಾರಗಟ್ಟಲೆ ಮುಖ ನೋಡುವುದಿಲ್ಲ, ನಡುವೆ ಎರಡು ಊಟದ ಡಬ್ಬಿ ಕಟ್ಟುವ ಅಮ್ಮ ಇಬ್ಬರ ಮಾತನ್ನೂ ತನಗೆ ಬೇಕಾದಂತೆ ತಿದ್ದಿ ದಾಟಿಸುತ್ತಾಳೆ. ಇಷ್ಟು ಸಿದ್ಧವಾದ ಹಂದರ ಯಾವ ಅಡಿಕೆ ತೋಟದಲ್ಲಿದೆ? 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಈಗ ನಿಂತಿದೆ. ಅಷ್ಟು ವರ್ಷ ಕಾಗದ ಮಾಡಿದ ಊರು ಕಾದಂಬರಿಯ ಪುಟದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಲು ಅಪರೂಪ.

ದೋಷ ಪರಿಹಾರ. ಪಾತ್ರ ಬಾಯಿ ತೆರೆದಾಗಲೆಲ್ಲ ಭಾಷಣದ ಸದ್ದು ಬಂದರೆ ಅವನನ್ನು ಸಂಜೆಯ ಭದ್ರಾವತಿ ಬಸ್ಸು ಹತ್ತಿಸಿ. ನಿಂತು ಹೋಗುವವನು ಜೀವನದರ್ಶನ ಹೇಳುವುದಿಲ್ಲ, ಚಿಲ್ಲರೆ ಕೇಳುತ್ತಾನೆ. ಮುಕ್ತಾಯ ಹೊಳೆಯದಿದ್ದರೂ ನಾಯಕನನ್ನು ತುಂಗೆಯ ಸೇತುವೆಗೆ ಕಳಿಸಬೇಡಿ. ಅಲ್ಲಿ ಬೇರೆ ಕಾದಂಬರಿಗಳ ನಾಯಕರು ಆಗಲೇ ಸಾಲಾಗಿ ನಿಂತು ನೀರು ನೋಡುತ್ತಿದ್ದಾರೆ. ಟ್ರಾಫಿಕ್ ಪೊಲೀಸರಿಗೂ ಸಾಕಾಗಿದೆ.