ಎದುರಾಳಿಗೂ ಸುಸ್ತಾಗಲಿ

ಮನುಷ್ಯನಲ್ಲದ ಎದುರಾಳಿಯನ್ನು ಮುಂದೆ ನಿಲ್ಲಿಸಿಕೊಂಡು ಬಡಿದಾಟ ಕಲಿಯುವ ಚಾಳಿಗೆ ನಾಂದಿ ಹಾಡಿದವನು ದುರ್ಯೋಧನ. ಪಾಂಡವರು ಊರು ಬಿಟ್ಟಿದ್ದ 13 ವರ್ಷವೂ ಅವನು ಕಬ್ಬಿಣದ ಭೀಮನೊಬ್ಬನನ್ನು ಮಾಡಿಸಿಟ್ಟುಕೊಂಡು ಗದೆಯಿಂದ ಬಡಿದನೆಂದು ವ್ಯಾಸರ ಭಾರತ ಹೇಳುತ್ತದೆ. ಶ್ರದ್ಧೆಗೆ ಕೊರತೆಯಿರಲಿಲ್ಲ, ಬಲರಾಮನಂಥ ಗುರುವಿದ್ದ. ತೊಂದರೆ ಇದ್ದದ್ದು ಒಂದೇ: ಆ ಕಬ್ಬಿಣದ ಭೀಮ 13 ವರ್ಷದಲ್ಲಿ ಒಂದು ದಿನವೂ ತಿರುಗಿ ಹೊಡೆಯಲಿಲ್ಲ, ರೇಗಲಿಲ್ಲ, ಮೋಸವನ್ನಂತೂ ಮಾಡಲೇ ಇಲ್ಲ. ಮಾಂಸದ ಭೀಮ ಈ ಮೂರನ್ನೂ ಒಂದೇ ಮಧ್ಯಾಹ್ನ ಮಾಡಿ ಮುಗಿಸಿದ. ಪಕ್ಕದಲ್ಲಿ ನಿಂತವರು ತೊಡೆ ತಟ್ಟಿ ತೋರಿಸಿದರು, ಇವನು ಅಲ್ಲಿಗೇ ಇಟ್ಟ. ನನ್ನ ಅಳಿಯ ಇದನ್ನು ಚೀಟ್ ಕೋಡ್ ಎನ್ನುತ್ತಾನೆ.

ಅಳಿಯ ಎಂದರೆ ಅಕ್ಕನ ಮಗ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಿ.ಜಿ. ಕೆರೆಗೆ ಬರುತ್ತಾನೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕೂತವರು ನಮ್ಮೂರನ್ನು ಕಿಟಕಿಯಿಂದ ನೋಡಿಯೇ ಇರುತ್ತೀರಿ, ನಿದ್ದೆ ಮಾಡದಿದ್ದರೆ. ತಾಲ್ಲೂಕು ಮೊಳಕಾಲ್ಮೂರು, ಶೇಂಗಾ ಮಾರುವುದು ಚಳ್ಳಕೆರೆಗೆ, ಮಳೆ ಬರುವುದು ಅದಕ್ಕೆ ಮನಸ್ಸಾದಾಗ. ಇಂಥ ಊರಿಗೆ ಹುಡುಗ ಈ ಸಲ ಲ್ಯಾಪ್‌ಟಾಪಿನ ಜೊತೆಗೆ ಒಂದು ಬಾಕ್ಸಿಂಗ್ ಆಟವನ್ನೂ ಹೊತ್ತು ತಂದ. ಟಿವಿಗೆ ತಂತಿ ಸಿಕ್ಕಿಸಿದ. ನಡುಮನೆಯಲ್ಲಿ ಇಬ್ಬರು ಆಳೆತ್ತರದ ಗಂಡಸರು ಚಡ್ಡಿ ಹಾಕಿಕೊಂಡು ನಿಂತರು.

ಚಿತ್ರದ ವಿಷಯದಲ್ಲಿ ಎರಡು ಮಾತಿಲ್ಲ. ಹಣೆಯ ಮೇಲೆ ಬೆವರು ಹನಿಹನಿಯಾಗಿ ಮೂಡಿ ಹುಬ್ಬಿನವರೆಗೆ ಇಳಿದು ಅಲ್ಲಿ ಒಂದು ಕ್ಷಣ ತಡೆದು ಕೆನ್ನೆಗೆ ಜಾರುತ್ತದೆ. ಗುದ್ದು ಬಿದ್ದ ಕಡೆ ಚರ್ಮ ಅಲೆಯಾಡುತ್ತದೆ. ಎಡಗಣ್ಣಿಗೆ ನಾಲ್ಕು ಬಿದ್ದರೆ ಎಡಗಣ್ಣೇ ಊದುತ್ತದೆ. ರಾಗಿ ಕೇರುತ್ತಿದ್ದ ನಮ್ಮವ್ವ ಮೊರ ಕೆಳಗಿಟ್ಟು ನೋಡಿದಳು. “ಯಾರ ಮಗನೋ ಏನೋ ಪಾಪ, ಮುಖ ಹೆಂಗ್ ಬಾತೈತೆ ನೋಡು. ಸಾಕು ಬಿಡೋ ಅವನ್ನ” ಎಂದಳು. ಅದು ಕಂಪ್ಯೂಟರ್ ಅಜ್ಜಿ ಎಂದು ಅಳಿಯ ಹೇಳಿದ. “ಕಂಪ್ಯೂಟರಾದ್ರೆ ಹೊಡಿಬೋದೇನು?” ಎಂದು ಅವ್ವ ಮತ್ತೆ ಮೊರ ಎತ್ತಿಕೊಂಡಳು.

ಅವ್ವ ಮರುಗಬೇಕಾಗಿದ್ದದ್ದು ನನ್ನ ಬಗ್ಗೆ. ಅಷ್ಟೆಲ್ಲ ಬೆವರು ಸುರಿಸುವ ಆ ಮನುಷ್ಯನಿಗೆ ಸುಸ್ತು ಎನ್ನುವುದೇ ಇಲ್ಲ. ಮೊದಲ ಸುತ್ತಿನಲ್ಲಿ ಹೇಗೆ ಬಡಿಯುತ್ತಾನೋ 12ನೇ ಸುತ್ತಿನಲ್ಲೂ ಹಾಗೇ, ಶೇಂಗಾ ಸುಲಿಯುವ ಮಿಷನ್ನಿನ ಹಾಗೆ, ಒಂದೇ ಸಮ. ನಾನು ಬಲಗೈ ಬೀಸಬೇಕೆಂದು ಯೋಚಿಸುವಷ್ಟರಲ್ಲಿ ಅವನ ಎಡಗೈ ಅಡ್ಡ ಬಂದಿರುತ್ತದೆ. ಇವನಿಗೆ ನನ್ನ ಮನಸ್ಸು ಹೇಗೆ ತಿಳಿಯುತ್ತದೆ ಎಂದು ಕೇಳಿದರೆ, “ಮಾವ, ಅವ್ನು ನಿಮ್ಮ ಕೈ ನೋಡಲ್ಲ, ಗುಂಡಿ ನೋಡ್ತಾನೆ” ಎಂದ.

ಗುಟ್ಟು ಇದು. ಎದುರಾಳಿಗೆ ಕಣ್ಣಿಲ್ಲ. ನಾನು ಗುಂಡಿ ಒತ್ತಿದ ಸುದ್ದಿ ಪರದೆಯ ಮೇಲಿನ ನನ್ನ ತೋಳಿಗೆ ಮುಟ್ಟುವ ಹೊತ್ತಿಗೇ ಅವನಿಗೂ ಮುಟ್ಟಿರುತ್ತದೆ. ಎರಡೂ ಒಂದೇ ಯಂತ್ರದ ಹೊಟ್ಟೆಯೊಳಗಿನ ಲೆಕ್ಕವಲ್ಲವೇ. ಈಗಿನ ಆಟಗಳು ಸೆಕೆಂಡಿಗೆ 60 ಚಿತ್ರದಂತೆ ಓಡುತ್ತವೆ. ಮನುಷ್ಯ ಕಣ್ಣಾರೆ ಕಂಡು ಕೈ ಎತ್ತಲು ಸುಮಾರು ಕಾಲು ಸೆಕೆಂಡು ಬೇಕು, ಅಂದರೆ 15 ಚಿತ್ರ ಕಳೆದುಹೋಗುತ್ತವೆ. ಕಂಪ್ಯೂಟರಿಗೆ ಒಂದು ಚಿತ್ರ ಸಾಕು. ಆಟ ಆಟವಾಗಿ ಉಳಿಯಬೇಕಾದರೆ ಅದನ್ನು ಬರೆಯುವ ಇಂಜಿನಿಯರುಗಳು ಕೂತು ಯಂತ್ರಕ್ಕೆ ತಡ ಮಾಡುವುದನ್ನು ಕಲಿಸಬೇಕು. ಕೆಲವು ಸಲ ಕಂಡರೂ ಕಾಣದಂತಿರಬೇಕು, ಕೆಲವು ಸಲ ತಪ್ಪು ಕೈ ಎತ್ತಬೇಕು ಎಂದು ಬರೆದು ಕೊಡಬೇಕು. ಈ ವಿದ್ಯೆಗೆ ಹೊರದೇಶದಲ್ಲಿ ಕೈ ತುಂಬ ಸಂಬಳವಂತೆ. ಕಂಡರೂ ಕಾಣದಂತಿರುವುದನ್ನು ನಮ್ಮ ಕಡೆಯ ಯಾವ ಕಚೇರಿಗೆ ಹೋದರೂ ಬಿಟ್ಟಿ ಹೇಳಿಕೊಡುತ್ತಾರೆ.

ಅಷ್ಟು ಕಷ್ಟಪಡಲು ಮನಸ್ಸಿಲ್ಲದವರು ಸುಲಭ, ಮಧ್ಯಮ, ಕಠಿಣ ಎಂದು ಮೂರು ಮೆಟ್ಟಿಲು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಕಠಿಣ ಎಂದರೆ ಎದುರಾಳಿ ಜಾಣನಾಗುತ್ತಾನೆ ಎಂದು ತಿಳಿಯಬೇಡಿ. ಅವನ ಒಂದು ಗುದ್ದಿಗೆ ಮೂರು ಗುದ್ದಿನ ತೂಕ, ನಮ್ಮ ಮೂರಕ್ಕೆ ಒಂದರ ತೂಕ, ಅಷ್ಟೇ. ತಕ್ಕಡಿಯಲ್ಲಿ ಕಲ್ಲು ಬದಲಿಸುವ ಈ ಉಪಾಯ ಶೇಂಗಾ ಮಾರಿದವರಿಗೆ ಹೊಸದಲ್ಲ.

ಯಂತ್ರ ತಪ್ಪುವುದೇ ಇಲ್ಲ ಎಂದು ನಮ್ಮ ಸೀಮೆಯಲ್ಲಿ ಯಾರೂ ಆಣೆ ಮಾಡುವುದಿಲ್ಲ ಅನ್ನಿ. ಚಳ್ಳಕೆರೆಯ ಕಾವಲಿನಲ್ಲಿ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುವ ಜಾಗ 2017ರಲ್ಲಿ ಶುರುವಾಯಿತು. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ತಿರ ತೋಟಕ್ಕೆ ಬಿತ್ತು. ಜನ ಗುಂಪುಗೂಡಿ ನೋಡಿದರು. ಹಾರುವಾಗ ಅದನ್ನು ಹೊಗಳಿದ್ದವರಿಗಿಂತ ಬಿದ್ದಾಗ ಅದರ ಮೇಲೆ ಅಕ್ಕರೆ ತೋರಿಸಿದವರೇ ಹೆಚ್ಚು. ಬೀಳುವ ಯಂತ್ರ ನಮ್ಮವನು ಅನಿಸುತ್ತದೆ.

ಹಾಗೆ ನೋಡಿದರೆ ಹಳೆಯ ಆಟಗಳೇ ವಾಸಿ. ಚಳ್ಳಕೆರೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ವಿಡಿಯೋ ಗೇಮ್ ಆಡಿದ ಕಾಲದವನು ನಾನು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಹತ್ತಿಪ್ಪತ್ತು, ಉಳಿದದ್ದೆಲ್ಲ ಅವೇ ಬಣ್ಣ ಬದಲಿಸಿಕೊಂಡು ಬರುತ್ತಿದ್ದವು. ಅದರಲ್ಲಿ ಅರ್ಬನ್ ಚಾಂಪಿಯನ್ ಎನ್ನುವುದೊಂದಿತ್ತು, ನಿಂಟೆಂಡೊ 1984ರಲ್ಲಿ ತಂದದ್ದು. ಇಬ್ಬರು ಬೀದಿಯಲ್ಲಿ ನಿಂತು ಗುದ್ದಾಡುತ್ತಾರೆ. ಮುಖಕ್ಕೆ ಮೂಗಿಲ್ಲ, ಬೆವರಿನ ಮಾತೇ ಇಲ್ಲ. ಆದರೆ ಗುದ್ದುತ್ತ ಹೋದಂತೆ ಕಸುವು ಇಳಿಯುತ್ತದೆ, ಅದರ ಅಂಕಿ ಕಣ್ಣೆದುರೇ ಕರಗುತ್ತದೆ. ಮೇಲಿನ ಕಿಟಕಿಯಿಂದ ಯಾರೋ ಗಲಾಟೆ ತಾಳಲಾರದೆ ಹೂವಿನ ಕುಂಡ ಎತ್ತಿ ಹಾಕುತ್ತಾರೆ. ಎಲ್ಲಕ್ಕಿಂತ ಮಿಗಿಲಾದದ್ದು ಪೊಲೀಸ್ ಕಾರು. ಅದು ಆ ಬೀದಿಯಲ್ಲಿ ಹಾದರೆ ಸಾಕು, ಇಬ್ಬರೂ ದೂರ ಸರಿದು ಏನೂ ಆಗಿಯೇ ಇಲ್ಲವೆಂಬಂತೆ ನಿಲ್ಲುತ್ತಾರೆ. ಕಾರು ಹೋದ ಮೇಲೆ ಮತ್ತೆ ಶುರು. ಮನುಷ್ಯಸ್ವಭಾವವನ್ನು ಇಷ್ಟು ಬಲ್ಲ ಆಟ ಆಮೇಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಾವು ಸೋಲುವ ಹೊತ್ತಿಗೆ ಕರೆಂಟೂ ಹೋಗುತ್ತಿತ್ತು. ಅಂಗಡಿಯವನು ದುಡ್ಡು ವಾಪಸ್ ಕೊಡದಿದ್ದರೂ ಮಾನ ಉಳಿಯುತ್ತಿತ್ತು.

ಅಳಿಯ ನನ್ನ ಅಭಿರುಚಿಗೆ ಮರುಗಿ 1987ರ ಮೈಕ್ ಟೈಸನ್ಸ್ ಪಂಚ್-ಔಟ್ ತೋರಿಸಿದ. ಅಲ್ಲಿನ ಎದುರಾಳಿಗಳು ಒಬ್ಬೊಬ್ಬರೂ ಒಂದೊಂದು ಖಯಾಲಿ. ಗ್ರೇಟ್ ಟೈಗರ್ ಎಂಬವನು ನಮ್ಮ ದೇಶದವನೇ, ಬಾಂಬೆಯವನು. ಗುದ್ದುವ ಮುಂಚೆ ಅವನ ಪೇಟದ ಮಣಿ ಮಿನುಗುತ್ತದೆ. ದಪ್ಪ ಹೊಟ್ಟೆಯ ಕಿಂಗ್ ಹಿಪ್ಪೊ ಬಾಯಿ ತೆರೆದಾಗ ಹೊಡೆದರೆ ಅವನ ಚಡ್ಡಿ ಜಾರುತ್ತದೆ. ಕೊನೆಯ ಟೈಸನ್ ಮಾತ್ರ ಯಮ: ಮೊದಲ ಒಂದೂವರೆ ನಿಮಿಷ ಅವನ ಅಪ್ಪರ್‌ಕಟ್ ಒಂದು ತಾಗಿದರೆ ನೆಲ ಕಚ್ಚಿದಿರಿ. ನನಗೆ ಮನಸ್ಸಿಗೆ ಬಂದವನು ಪ್ಯಾರಿಸ್ಸಿನ ಗ್ಲಾಸ್ ಜೋ. ಆಡಿದ್ದು 100, ಗೆದ್ದದ್ದು 1, ಸೋತದ್ದು 99. ಇಷ್ಟಾದರೂ ಗ್ಲೌಸು ಕಟ್ಟಿಕೊಂಡು ಬಂದು ನಿಲ್ಲುತ್ತಾನೆ. ಬೆವರಿನ ಚಿತ್ರ ಬರೆಯಲು ಅಂದಿನ ಯಂತ್ರಕ್ಕೆ ತ್ರಾಣವಿರಲಿಲ್ಲ, ಆದ್ದರಿಂದ ಅವರು ಗುಣ ಬರೆದರು. ಈಗ ತ್ರಾಣ ಬಂದಿದೆ, ಗುಣ ಬರೆಯುವ ತಾಪತ್ರಯ ಯಾರಿಗೆ ಬೇಕು.

ಕಂಪ್ಯೂಟರಿಗೆ ಬಾಕ್ಸಿಂಗ್ ಆಡಿಸುವ ಹುಚ್ಚು ಇದಕ್ಕೂ ಹಳೆಯದು. ಅಮೆರಿಕದ ಮರ್ರಿ ವೊರೋನರ್ ಎಂಬ ರೇಡಿಯೋದವನು 1967ರಲ್ಲಿ ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಹಳೆಯ ಹೊಸ ಬಾಕ್ಸರುಗಳ ಜಾತಕವನ್ನೆಲ್ಲ ತುಂಬಿ, ಯಾರು ಯಾರನ್ನು ಸೋಲಿಸುತ್ತಾರೆ ಎಂದು ಕೇಳಿ ಬಾನುಲಿಯಲ್ಲಿ ಬಿತ್ತರಿಸಿದ. ಮುಹಮ್ಮದ್ ಅಲಿ ಸೋಲುತ್ತಾನೆ ಎಂದಿತು ಯಂತ್ರ. ಬದುಕಿದ್ದ ಅಲಿ ಸುಮ್ಮನಿರುತ್ತಾನೆಯೇ, 10 ಲಕ್ಷ ಡಾಲರಿಗೆ ದಾವೆ ಹಾಕಿದ. ರಾಜಿ ಹೇಗಾಯಿತೆಂದರೆ, 1969ರಲ್ಲಿ ಅಲಿಯನ್ನೂ, ಆಡಿದ 49 ಪಂದ್ಯವನ್ನೂ ಗೆದ್ದು ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೋನನ್ನೂ ಮಯಾಮಿಯಲ್ಲಿ ಒಂದು ರಿಂಗಿಗೆ ಹತ್ತಿಸಿ ಗುದ್ದಾಟದ ನಟನೆ ಮಾಡಿಸಿದರು. ಮಾರ್ಸಿಯಾನೋ ತೂಕ ಇಳಿಸಿ, ಬೋಳುತಲೆಗೆ ವಿಗ್ಗು ಅಂಟಿಸಿಕೊಂಡು ಬಂದಿದ್ದ. ಬಗೆಬಗೆಯ ಅಂತ್ಯ ಚಿತ್ರೀಕರಿಸಿಟ್ಟರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ 13ನೇ ಸುತ್ತಿಗೆ ಮಾರ್ಸಿಯಾನೋ ಗೆದ್ದ. ಬ್ರಿಟನ್ನಿನ ಜನ ನೋಡಿದ ಪ್ರತಿಯಲ್ಲಿ ಅಲಿ ಗೆದ್ದ. ಊರು ನೋಡಿ ನ್ಯಾಯ ಹೇಳುವ ಬುದ್ಧಿ ಯಂತ್ರಕ್ಕೆ ಆಗಲೇ ಬಂದಿತ್ತು. ಗೆದ್ದದ್ದನ್ನು ನೋಡಲು ಮಾರ್ಸಿಯಾನೋ ಇರಲಿಲ್ಲ. 1969ರ ಆಗಸ್ಟ್ 31ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಅದೇ ಅಲಿ 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ನನನ್ನು ಕೆಡವಿದ್ದನ್ನು ಯಾವ ಲೆಕ್ಕವೂ ಮುಂದಾಗಿ ಹೇಳಿರಲಿಲ್ಲ. ಹಗ್ಗಕ್ಕೆ ಒರಗಿ ನಿಂತು, ಹೊಡಿ ಹೊಡಿ ಎಂದು ಕಿಚಾಯಿಸುತ್ತ ಸುತ್ತಿನ ಮೇಲೆ ಸುತ್ತು ಹೊಡೆಸಿಕೊಂಡ. ಫೋರ್‌ಮನ್ನನ ತೋಳು ಬಿದ್ದುಹೋದ ಮೇಲೆ 8ನೇ ಸುತ್ತಿನಲ್ಲಿ ಮುಗಿಸಿದ. ನಾನೂ ಹಾಗೇ ಮಾಡೋಣವೆಂದು ಪರದೆಯ ಮೂಲೆಗೆ ಒರಗಿ ನಿಂತೆ. ನಮ್ಮ ಕಬ್ಬಿಣದ ಭೀಮನಿಗೆ ಕಿಚಾಯಿಸಿದರೆ ಕಿವಿಯಿಲ್ಲ, ಸಿಟ್ಟಿಗೆ ಜಾಗವಿಲ್ಲ. ಸಿಟ್ಟಿಲ್ಲದವನನ್ನು ದಣಿಸುವುದು ಹೇಗೆ?

ನಿಜದ ಎದುರಾಳಿಯನ್ನು ನೋಡಬೇಕಾದವರು ನಮ್ಮೂರ ಬಸ್‌ಸ್ಟ್ಯಾಂಡಿಗೆ ಬರಬೇಕು. ಹೋಟೆಲಿನ ಮುಂದೆ ಈಚೆಗೆ ಇಬ್ಬರು ಬದುವಿನ ಮೇಲಿನ ಬೇವಿನ ಮರಕ್ಕಾಗಿ ಎದುರುಬದುರಾದರು. ಒಬ್ಬ ಟವೆಲ್ ಕೊಡವಿ ಹೆಗಲಿಗೆ ಹಾಕಿದ, ಇನ್ನೊಬ್ಬ ಪಂಚೆ ಎತ್ತಿ ಕಟ್ಟಿದ.

“ಹೊಡಿಯಲೇ ನೋಡಾನ!”

“ನೀನ್ ಹೊಡಿಯಲೇ ಮೊದ್ಲು!”

“ಏಯ್, ನೀನು ಹೊಡಿ ಅಂತೀನಿ!”

ಈ ಮಟ್ಟದ ಸೌಜನ್ಯದಲ್ಲಿ ಒಂದು ಟೀ ಆರಿತು. ನಾಲ್ಕು ಜನ ಬಂದು ಇಬ್ಬರನ್ನೂ ತೋಳು ಹಿಡಿದು ನಿಲ್ಲಿಸಿದರು. ಹಿಡಿದ ಕೂಡಲೇ ಇಬ್ಬರಿಗೂ ಆವೇಶ ಬಂತು. “ಬಿಡ್ರೋ ನನ್ನ, ಇವತ್ತು ಇವ್ನೋ ನಾನೋ!” ಹಿಡಿದವನೊಬ್ಬ ಬೀಡಿ ಹಚ್ಚಲು ಕೈ ಬಿಟ್ಟ. ಪಂಚೆಯವನು ಎರಡು ಹೆಜ್ಜೆ ಮುಂದೆ ಹೋದವನು, ಹಿಂದೆ ಯಾರೂ ಎಳೆಯುತ್ತಿಲ್ಲವೆಂದು ತಿಳಿದು ನಿಂತ. ಕುತ್ತಿಗೆ ತಿರುಗಿಸಿ ಬೀಡಿಯವನನ್ನು ನೋಡಿದ. ಆ ಪುಣ್ಯಾತ್ಮ ಕಡ್ಡಿ ಆರಿಸಿ ನಿಧಾನವಾಗಿ ಬಂದು ಮತ್ತೆ ತೋಳು ಹಿಡಿಯುವವರೆಗೆ ಇವನು ಹಲ್ಲು ಕಡಿಯುತ್ತ ಕಾದ. ಆಮೇಲೆ ಪೂರ್ತಿ ವೇಗದಲ್ಲಿ ಮುನ್ನುಗ್ಗಿದ. ಅಷ್ಟರಲ್ಲಿ ಬಳ್ಳಾರಿ ಬಸ್ಸು ಬಂತು, ಟವೆಲಿನವನಿಗೆ ಅದೇ ಬಸ್ಸಿಗೆ ಹೋಗಬೇಕಿತ್ತು. ಬಾಕ್ಸಿಂಗಿನಲ್ಲಿ ದಣಿದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಉಸಿರು ತೆಗೆದುಕೊಳ್ಳುವುದಕ್ಕೆ ಕ್ಲಿಂಚ್ ಎನ್ನುತ್ತಾರಂತೆ. ನಮ್ಮಲ್ಲಿ ಆ ಕೆಲಸಕ್ಕೆ ಊರವರಿದ್ದಾರೆ.

ಹೊಡೆದಾಟವೇ ನಡೆಯುವ ಕಡೆಯೂ ಅದು ಆಟದವರು ತಿಳಿದಷ್ಟು ಉದ್ದವಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗುತ್ತದಲ್ಲ, ತಲೆ ಬೋಳಿಸಿಕೊಂಡು ಬೆರಳಿಗೆ ಮುಳ್ಳಿನ ಮುಷ್ಟಿ ತೊಟ್ಟು ಇಳಿಯುತ್ತಾರೆ. ಮೊದಲ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು. ತಯಾರಿ ತಿಂಗಳುಗಟ್ಟಲೆ, ಕಾಳಗ ಕಣ್ಣು ಮಿಟುಕಿಸುವಷ್ಟು. ತನ್ನ ರಕ್ತ ತನ್ನದು ಎಂಬ ಎಚ್ಚರ ಇಬ್ಬರಿಗೂ ಇರುತ್ತದೆ. ಪರದೆಯ ಮೇಲಿನವನಿಗೆ ಆ ಚಿಂತೆಯಿಲ್ಲ, ಮನೆಯಲ್ಲಿ ಬೈಯುವವರೂ ಇಲ್ಲ, ನಾಳೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಮುಖ ತೋರಿಸಬೇಕೆಂಬ ನಾಚಿಕೆಯೂ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನು ಎಷ್ಟು ಬೆವರಿದರೂ ನಾನು ಅವನನ್ನು ಎದುರಾಳಿ ಎನ್ನುವುದಿಲ್ಲ.

ಇದನ್ನೆಲ್ಲ ಹೇಳಿದ್ದಕ್ಕೆ ಅಳಿಯ ಇನ್ನೊಂದು ಬಗೆಯ ಆಟ ತೆಗೆದ. ನೀವು ಆಡುವುದನ್ನು ಅದು ನೋಡಿಕೊಂಡು, ನಿಮ್ಮ ಚಾಳಿಯನ್ನೆಲ್ಲ ಕಲಿತು, ನಿಮ್ಮದೇ ನೆರಳನ್ನು ಎದುರಾಳಿಯಾಗಿ ಮಾಡಿಕೊಡುತ್ತದೆ. 2024ರಲ್ಲಿ ಬಂದ ಟೆಕ್ಕನ್ 8ರಲ್ಲೂ ಇಂಥ ಏರ್ಪಾಡಿದೆ, ಅಲ್ಲಿ ಅದಕ್ಕೆ ಗೋಸ್ಟ್ ಎನ್ನುತ್ತಾರೆ. ನನ್ನನ್ನು ಒಂದು ಸಂಜೆ ಆಡಿಸಿದ. ನಡುವೆ ಪಕ್ಕದ ಮನೆಯವರು ತ್ರೀ ಫೇಸ್ ಎಷ್ಟು ಹೊತ್ತಿಗೆ ಕೊಡ್ತಾರೆ ಎಂದು ಕೇಳಿಕೊಂಡು ಬಂದರು, ಅವ್ವ ಹಾಲು ನೋಡು ಅಂದಳು, ಫೋನು ಬಂತು. ಪ್ರತಿ ಸಲವೂ ನಾನು ಕೈ ಬಿಟ್ಟು ಎದ್ದೆ. ತಯಾರಾದ ನೆರಳು ಎರಡು ಗುದ್ದು ಹಾಕುತ್ತದೆ, ಹಿಂದೆ ಸರಿಯುತ್ತದೆ, ಆಮೇಲೆ ಏನೋ ನೆನಪಾದವರ ಹಾಗೆ ಕೈ ಕೆಳಗೆ ಬಿಟ್ಟು ನಿಲ್ಲುತ್ತದೆ. ಗಂಟೆ ಬಾರಿಸಿದರೂ ನಿಂತೇ ಇರುತ್ತದೆ. ಇಷ್ಟು ನೈಜವಾದ ಎದುರಾಳಿಯನ್ನು ತಾನು ಕಂಡೇ ಇಲ್ಲ ಎಂದ ಅಳಿಯ. ಅವ್ವನೂ ಒಂದು ನೋಟಕ್ಕೇ ಗುರುತು ಹಿಡಿದಳು.

ರಜೆ ಮುಗಿದು ಹುಡುಗ ಬೆಂಗಳೂರಿಗೆ ಹೋದ. ನನ್ನ ನೆರಳನ್ನೂ ಲ್ಯಾಪ್‌ಟಾಪಿನಲ್ಲಿ ಕರೆದುಕೊಂಡು ಹೋಗಿದ್ದಾನೆ. ಹಾಸ್ಟೆಲಿನಲ್ಲಿ ಆಟ ಕಲಿಯಲು ಬರುವ ಹುಡುಗರಿಗೆಲ್ಲ ಮೊದಲು ನನ್ನನ್ನೇ ಹೊಡೆಯಲು ಕೊಡುತ್ತಾನಂತೆ; ಧೈರ್ಯ ಬರುತ್ತದಂತೆ. ನಿಮ್ಮ ಮನೆಯ ಮಕ್ಕಳು ಬನ್ನಿ ಮಾವ, ಬನ್ನಿ ದೊಡ್ಡಪ್ಪ, ಒಂದು ಕೈ ಆಡಿ ಎಂದು ಕರೆದರೆ ಆಡಿ, ಬೇಡವೆನ್ನುವುದಿಲ್ಲ. ಎದ್ದು ಹೋಗುವಾಗ ಮಾತ್ರ ನಿಮ್ಮ ನೆರಳನ್ನು ಅಳಿಸಿದ್ದಾರೋ ಇಲ್ಲವೋ ನಿಂತು ನೋಡಿಕೊಂಡು ಹೋಗಿ.